ರಾಂಪತ್ರೆಯಲ್ಲಿ ಮಂಗಟ್ಟೆಗೂ ಪಾಲಿರಲಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ನಮ್ಮ ಸಿದ್ದಾಪುರದ ಕಾನುಗಳಲ್ಲಿ, ಅಂದರೆ ದಟ್ಟ ಹಸಿರು ಕಾಡುಗಳಲ್ಲಿ, ರಾಂಪತ್ರೆ ಕೊಯ್ಲಿನ ಗಡಿಬಿಡಿ. ರಾಂಪತ್ರೆಯೆಂದರೆ ಜಾಯಿಕಾಯಿ ಜಾತಿಯ ಕಾಡುಮರ; ಅದರ ಬೀಜಕ್ಕೆ ಸುತ್ತಿಕೊಂಡಿರುವ ಪತ್ರೆಯೇ ಮಾರಾಟದ ಸರಕು. ತಾನು ಬಿಟ್ಟರೆ ಇನ್ನೊಬ್ಬ ಕೊಯ್ದಾನೆಂದು ಎಳೆಗಾಯಿಗೇ ದೋಟಿ ಹಾಕುತ್ತಾರೆ. ಎಟುಕದ ಕಾಯಿಗಾಗಿ ಕೊಂಬೆಯನ್ನೇ ಕಡಿಯುತ್ತಾರೆ. ರಾಂಪತ್ರೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಕಾಯಿ ಬಿಡುವುದು ಹೆಣ್ಣು ಮರ ಮಾತ್ರ. ಕತ್ತಿ ಬೀಳುವುದೂ ಅದಕ್ಕೇ.

ಅದೇ ಹೊತ್ತಿನಲ್ಲಿ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳ ಬಾಣಂತನ ನಡೆದಿರುತ್ತದೆ. ದೊಡ್ಡ ಮಂಗಟ್ಟೆಯ ಹೆಣ್ಣು ಹಳೆಯ ಮರದ ಪೊಟರೆ ಹೊಕ್ಕು, ಹಿಕ್ಕೆ ಮತ್ತು ಹಣ್ಣಿನ ತಿರುಳು ಮೆತ್ತಿ ಬಾಗಿಲು ಮುಚ್ಚಿ, ಕೊಕ್ಕು ತೂರುವಷ್ಟೇ ಸೀಳು ಬಿಟ್ಟುಕೊಳ್ಳುತ್ತದೆ. ಒಳಗಿರುವಾಗ ಅದರ ರೆಕ್ಕೆಯ ಗರಿಗಳೂ ಉದುರುತ್ತವೆ. ತಿಂಗಳುಗಟ್ಟಲೆ ತಾಯಿಗೂ ಮರಿಗೂ ಗಂಡು ತಂದದ್ದೇ ಊಟ. ಅದು ಗಂಟಲಲ್ಲಿ ತುಂಬಿಕೊಂಡು ತರುವ ಗೋಳಿ, ಅತ್ತಿ ಹಣ್ಣುಗಳ ಜೊತೆಗೆ ಕೊಬ್ಬಿನಂಶ ಹೆಚ್ಚಿರುವ ಈ ಪತ್ರೆಯೂ ಇರುತ್ತದೆ.

ಮರಕ್ಕೂ ಹಕ್ಕಿ ಬೇಕು. ರಾಂಪತ್ರೆಯ ಬೀಜ ಪಿಕಳಾರದಂಥ ಸಣ್ಣ ಹಕ್ಕಿಯ ಗಂಟಲಿಗೆ ಇಳಿಯುವಂಥದ್ದಲ್ಲ; ಮಂಗಟ್ಟೆ, ಕಾಡುಪಾರಿವಾಳದಂಥ ಅಗಲ ಬಾಯಿಯ ಹಕ್ಕಿಗಳೇ ನುಂಗಬೇಕು. ಮಂಗಟ್ಟೆ ಪತ್ರೆಯನ್ನಷ್ಟೇ ಅರಗಿಸಿಕೊಂಡು, ಇಡೀ ಬೀಜವನ್ನು ತಾಯಿಮರದಿಂದ ದೂರ ಕಾರುತ್ತದೆ. ಒಣಗಿದರೆ ಹುಟ್ಟದ ಬೀಜವದು, ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯಲಾರದು. ಒಂದಷ್ಟು ವರ್ಷ ಕಾಯಿಯನ್ನೆಲ್ಲ ನಾವೇ ಬಳಿದುಕೊಂಡರೆ ಹೊಸ ಸಸಿ ಎಲ್ಲಿಂದ ಬರಬೇಕು? ಕೆಲವು ಕಾನುಗಳಲ್ಲಿ ಮುದಿ ಮರಗಳ ಬುಡದಲ್ಲಿ ಹುಡುಕಿದರೂ ಎಳೆಯ ಗಿಡ ಸಿಗದಿರುವುದನ್ನು ನಾನೇ ಕಂಡಿದ್ದೇನೆ.

ಕೊಯ್ಲು ನಿಲ್ಲಿಸಿ ಎನ್ನಲಾರೆ. ಪತ್ರೆ ಮಾರಿದ ದುಡ್ಡಿನಲ್ಲಿ ಮಳೆಗಾಲದ ಅಕ್ಕಿ ತುಂಬಿಸುವ ಮನೆಗಳು ನಮ್ಮೂರಿನಲ್ಲಿವೆ. ಆದರೆ ಕಾಯಿ ತಾನಾಗಿ ಬಿರಿದು ಪತ್ರೆ ಕೆಂಪಾಗುವ ಮುನ್ನ ಯಾರೂ ಕೈಹಾಕಬಾರದು. ಕೊಂಬೆ ಕಡಿಯಲೇಬಾರದು. ಗೂಡಿರುವ ಪೊಟರೆಯ ಆಸುಪಾಸಿನ ಮರಗಳನ್ನು ಹಕ್ಕಿಗೇ ಬಿಡಬೇಕು. ಕೊಯ್ಲಿನ ದಿನವನ್ನು ಗ್ರಾಮ ಅರಣ್ಯ ಸಮಿತಿಗಳೇ ಗೊತ್ತುಮಾಡಿದರೆ ಎಳೆಗಾಯಿಯ ಪೈಪೋಟಿ ತಗ್ಗುತ್ತದೆ. ಬಲಿತ ಪತ್ರೆಗೆ ಬಣ್ಣವೂ ತೂಕವೂ ಹೆಚ್ಚಾದ್ದರಿಂದ ಕೊಯ್ಯುವವರಿಗೂ ನಷ್ಟವಿಲ್ಲ.

ದಾಂಡೇಲಿಯ ಕಾಳಿ ನದಿ ಸುತ್ತಲಿನ ಕಾಡನ್ನು ಸರ್ಕಾರ 2011ರಲ್ಲಿ ಮಂಗಟ್ಟೆಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಸಂತೋಷ. ಅದರಾಚೆಗಿನ ಕಾನುಗಳಲ್ಲೂ ಮಂಗಟ್ಟೆಗಳಿವೆ. ಅರಣ್ಯ ಇಲಾಖೆ ಮುಂದಿನ ಬೇಸಿಗೆಯ ಕೊಯ್ಲಿಗೆ ಮೊದಲೇ ಈ ನಿಯಮಗಳನ್ನು ಹಳ್ಳಿಹಳ್ಳಿಗೂ ತಿಳಿಸಬೇಕೆಂದು ಕೋರುತ್ತೇನೆ.

– ಓರ್ವ ಅಡಿಕೆ ಬೆಳೆಗಾರ, ಸಿದ್ದಾಪುರ, ಉತ್ತರ ಕನ್ನಡ