ಬಿಲ್ಲು ಬೇಟೆ ಕಲಿಯಲು ಹೊರಟ ಅಣ್ಣನ ಮಗಳಿಗೆ

ಪ್ರೀತಿಯ ಪುಟ್ಟಿ,

ಬಿಲ್ಲು ಬೇಟೆ ಕಲಿಯಬೇಕು, ಯಾವ ಬಿಲ್ಲು ಕೊಳ್ಳಲಿ ಚಿಕ್ಕಪ್ಪ ಅಂತ ಕೇಳಿದ್ದೀಯ. ಬಿಲ್ಲಿನ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ನೀನಿರುವ ಕಡೆ ಕಾನೂನು ಏನು ಹೇಳುತ್ತದೆ ಅಂತ ನೋಡಿಕೋ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯ ಬೇಟೆ ಅಪರಾಧ. ಬ್ರಿಟನ್ನಿನಲ್ಲಿ ಬಂದೂಕಿನ ಬೇಟೆ ಇದೆ, ಬಿಲ್ಲಿನದು ಇಲ್ಲ. ಅಮೆರಿಕದಲ್ಲಿ ಅವಕಾಶ ಇದೆ, ಆದರೆ ಲೈಸೆನ್ಸು, ಬೇಟೆಯ ಕಾಲ, ಬಿಲ್ಲಿಗೆ ಇರಬೇಕಾದ ಕನಿಷ್ಠ ಬಲ ಎಲ್ಲ ರಾಜ್ಯಕ್ಕೊಂದು ಥರ. ಬೇಟೆಗಾರರಿಗೆ ತರಬೇತಿ ಕೋರ್ಸು ಇದ್ದರೆ, ಕಡ್ಡಾಯ ಅಲ್ಲದಿದ್ದರೂ ಸೇರಿಕೋ. ಬೇರೆಯವರ ಜಮೀನಾದರೆ ಅವರನ್ನು ಕೇಳದೆ ಕಾಲಿಡಬೇಡ.

ಈಗ ಮುಖ್ಯ ಮಾತು. ಬಿಲ್ಲು ಬೇಟೆ ಅಂದರೆ ಹತ್ತಿರ ಹೋಗುವುದು. ಬಂದೂಕಿನವರು ಇನ್ನೂರು ಗಜದಿಂದ ಹೊಡೆಯುತ್ತಾರೆ. ನಿನಗೆ ಇಪ್ಪತ್ತು ಗಜ ಬೇಕು. ಯಾಹಿ ಬುಡಕಟ್ಟಿನ ಕೊನೆಯವನಾದ ಇಶಿ 1911ರಲ್ಲಿ ಕ್ಯಾಲಿಫೋರ್ನಿಯಾದ ಕಾಡಿನಿಂದ ಹೊರಗೆ ಬಂದ. ಅವನಿಂದ ಬಿಲ್ಲು ವಿದ್ಯೆ ಕಲಿತವರು ಸ್ಯಾಕ್ಸ್‌ಟನ್ ಪೋಪ್ ಅನ್ನುವ ಡಾಕ್ಟರು. ದೂರದ ಗುರಿಹಲಗೆಗೆ ಹೊಡೆಯುವುದರಲ್ಲಿ ಇಶಿ ಅಂಥ ನಿಪುಣನೇನೂ ಆಗಿರಲಿಲ್ಲ. ಆದರೆ ಪ್ರಾಣಿಯ ಹತ್ತಿರ ಹೋಗುವುದರಲ್ಲಿ, ಅದನ್ನು ತನ್ನ ಹತ್ತಿರ ಕರೆಸಿಕೊಳ್ಳುವುದರಲ್ಲಿ ಪೋಪ್ ಅವನಿಗೆ ಸಾಟಿ ಆಗಲಿಲ್ಲ. ಹೊಸಬರೆಲ್ಲ ಇದನ್ನು ತಿರುವುಮುರುವು ಮಾಡುತ್ತಾರೆ. ದುಬಾರಿ ಬಿಲ್ಲು ಕೊಂಡು, ದೂರ ಹೊಡೆಯುವುದನ್ನೇ ಕಲಿಯುತ್ತಾರೆ.

ಬಿಲ್ಲಿನ ವಿಷಯ. ತುದಿಗಳಲ್ಲಿ ಗಾಲಿಗಳಿರುವ ಕಾಂಪೌಂಡ್ ಬಿಲ್ಲಿನಿಂದ ಶುರು ಮಾಡು. ಹಾಲೆಸ್ ಅಲೆನ್ ಅನ್ನುವವರಿಗೆ 1969ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಪೂರ್ತಿ ಎಳೆದು ಹಿಡಿದಾಗ ಭಾರದ ಹೆಚ್ಚು ಪಾಲನ್ನು ಗಾಲಿಗಳೇ ಹೊರುತ್ತವೆ. ಐವತ್ತು ಪೌಂಡಿನ ಬಿಲ್ಲಾದರೆ, ಅಂದರೆ ಎಳೆಯಲು ಅಷ್ಟು ಬಲ ಬೇಕಾದ ಬಿಲ್ಲಾದರೆ, ಕೈಗೆ ಹತ್ತು ಪೌಂಡಿನಷ್ಟೇ ಉಳಿಯಬಹುದು. ಜಿಂಕೆ ತಿರುಗಿ ನಿಲ್ಲುವ ತನಕ ಎಳೆದು ಕಾಯಬೇಕಲ್ಲ, ಆಗ ಇದರ ಬೆಲೆ ಗೊತ್ತಾಗುತ್ತದೆ. ಗಾಲಿಗಳಿಲ್ಲದ ಹಳೇ ಥರದ ಬಿಲ್ಲುಗಳು, ತುದಿ ಮುಂದಕ್ಕೆ ಬಾಗಿದ ರಿಕರ್ವ್, ಉದ್ದನೆಯ ಲಾಂಗ್‌ಬೋ, ನೋಡಲು ಚೆಂದ. ಅವಕ್ಕೆ ವರ್ಷಗಟ್ಟಲೆ ಸಾಧನೆ ಬೇಕು. ಆಮೇಲೆ ನೋಡೋಣ.

ಕೊಳ್ಳುವ ಮುಂಚೆ ನಿನ್ನ ಯಾವ ಕಣ್ಣು ಮೇಲುಗೈ ಅಂತ ತಿಳಿದುಕೋ. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಬಿಟ್ಟು, ಕೈ ಚಾಚಿ, ದೂರದ ಒಂದು ವಸ್ತುವನ್ನು ಎರಡೂ ಕಣ್ಣಿಂದ ನೋಡು. ಆಮೇಲೆ ಒಂದೊಂದೇ ಕಣ್ಣು ಮುಚ್ಚು. ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯಲ್ಲೇ ಇರುತ್ತದೋ ಅದೇ ನಿನ್ನ ಗುರಿಯ ಕಣ್ಣು. ಬಲಗಣ್ಣಾದರೆ ಸಾಮಾನ್ಯವಾಗಿ ಬಲಗೈಯಲ್ಲಿ ಹೆದೆ ಎಳೆಯುವ ಬಿಲ್ಲು. ಎರಡೂ ತೋಳು ಚಾಚಿ ಬೆರಳ ತುದಿಯಿಂದ ತುದಿಗೆ ಅಂಗುಲದಲ್ಲಿ ಅಳೆದು ಎರಡೂವರೆಯಿಂದ ಭಾಗಿಸಿದರೆ ಡ್ರಾ ಲೆಂತ್, ಅಂದರೆ ನೀನು ಹೆದೆಯನ್ನು ಎಷ್ಟು ದೂರ ಎಳೆಯಬೇಕು ಅನ್ನುವ ಅಳತೆ, ಸುಮಾರಾಗಿ ಸಿಗುತ್ತದೆ. ಸರಿಯಾದ ಲೆಕ್ಕ ಅಂಗಡಿಯವರು ಬಿಲ್ಲು ಕೈಗೆ ಕೊಟ್ಟು ನೋಡಬೇಕು. ಅದಕ್ಕೇ ಹೇಳುವುದು, ಮೊದಲ ಬಿಲ್ಲನ್ನು ಆನ್‌ಲೈನಿನಲ್ಲಿ ತರಿಸಬೇಡ.

ಹುಡುಗಿ ಅಂತ ಆಟಿಕೆಯಂಥ ಬಿಲ್ಲು ಕೊಡಲು ಬರುತ್ತಾರೆ. ಇಲ್ಲವೇ ಎಪ್ಪತ್ತು ಪೌಂಡ್ ಇಲ್ಲದೆ ಬೇಟೆಯೇ ಆಗುವುದಿಲ್ಲ ಅಂತ ಹೆದರಿಸುತ್ತಾರೆ. ಎರಡನ್ನೂ ಕೇಳಬೇಡ. ಬಾಣದ ಅಲಗು ಚೂಪಾಗಿದ್ದು ಹತ್ತಿರದಿಂದ ಹೊಡೆದರೆ ಜಿಂಕೆಗೆ ನಲವತ್ತು, ನಲವತ್ತೈದು ಪೌಂಡ್ ಸಾಕು. ಕುರ್ಚಿಯಲ್ಲಿ ಕೂತು, ಪಾದ ಎರಡನ್ನೂ ನೆಲದಿಂದ ಎತ್ತಿ, ಬಿಲ್ಲನ್ನು ನೇರ ಮುಂದಕ್ಕೆ ಹಿಡಿದು ಎಳೆ. ಆಕಾಶದ ಕಡೆ ಎತ್ತಿ ಒದ್ದಾಡಬೇಕಾದರೆ ಆ ಬಿಲ್ಲು ನಿನಗೆ ಜಾಸ್ತಿ. ಚಳಿಯಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂತ ಮೈಗೆ ಅದೇ ಬಿಲ್ಲು ಇನ್ನೂ ಭಾರ.

ಬಾಣ ಇಲ್ಲದೆ ಹೆದೆ ಎಳೆದು ಬಿಡಬೇಡ, ತಮಾಷೆಗೂ ಬೇಡ. ಬಾಣಕ್ಕೆ ಹೋಗಬೇಕಾದ ಶಕ್ತಿ ಬಿಲ್ಲಿಗೇ ತಿರುಗಿ ಬಿಲ್ಲು ಸಿಡಿಯಬಹುದು. ಕಾರ್ಬನ್ ಬಾಣವನ್ನು ಪ್ರತಿಸಲ ಹೂಡುವ ಮುಂಚೆ ಮೆಲ್ಲಗೆ ಬಗ್ಗಿಸಿ ನೋಡು. ಚಿರ್ ಅಂದರೆ, ಬಿರುಕು ಕಂಡರೆ ಎಸೆದುಬಿಡು. ಬಿರುಕು ಬಿಟ್ಟ ಬಾಣ ಬಿಡುವಾಗ ಮುರಿದರೆ ಬಿಲ್ಲು ಹಿಡಿದ ಕೈಗೇ ನಾಟಬಹುದು. ಬಾಣ ಎಷ್ಟು ಬಾಗುತ್ತದೆ ಅನ್ನುವುದು ಬಿಲ್ಲಿನ ಬಲಕ್ಕೆ ಹೊಂದಿರಬೇಕು, ಅದಕ್ಕೆ ಕಂಪನಿಯವರ ಪಟ್ಟಿ ಇರುತ್ತದೆ.

ಅಭ್ಯಾಸವನ್ನು ಗುರಿಯಿಂದ ನಾಲ್ಕೈದು ಗಜದಲ್ಲಿ ಶುರು ಮಾಡು. ಗುರಿಯ ಚುಕ್ಕಿಯೂ ಬೇಡ. ನಿಲುವು, ಹಿಡಿತ, ಬೆನ್ನಿನ ಬಲದಿಂದ ಎಳೆಯುವುದು, ಬೆಚ್ಚದೆ ಬಿಡುವುದು, ಇಷ್ಟೇ. ಬೇಜಾರಾಗುತ್ತದೆ, ಆಗಲಿ. ದಿನಕ್ಕೆ ನೂರು ಬಾಣ ಬಿಟ್ಟು ಭುಜ ನೋಯಿಸಿಕೊಳ್ಳುವುದಕ್ಕಿಂತ ಇಪ್ಪತ್ತನ್ನು ಮನಸ್ಸಿಟ್ಟು ಬಿಡು. ಆಮೇಲೆ ದೂರ ಹೆಚ್ಚಿಸು. ಬೇಟೆಯ ಕಾಲ ಹತ್ತಿರವಾದಾಗ ಬೇಟೆಯ ಬಟ್ಟೆ ಹಾಕಿಕೊಂಡು, ಕೂತು, ಎತ್ತರದಿಂದ ಹೊಡೆದು ನೋಡು. ಬೇಟೆಗೆ ಹಾಕುವ ಬ್ರಾಡ್‌ಹೆಡ್ ಅಲಗು ಅಭ್ಯಾಸದ ಮೊನೆಯ ಜಾಗಕ್ಕೇ ಹೋಗುತ್ತದೆ ಅಂತ ನಂಬಬೇಡ, ಪರೀಕ್ಷೆ ಮಾಡು. ಅದು ಬ್ಲೇಡಿನಷ್ಟು ಚೂಪು. ಬಿಗಿಸುವಾಗ ಅದಕ್ಕಂತಲೇ ಇರುವ ಪಾನಾ ಬಳಸು, ನಡೆಯುವಾಗ ಮುಚ್ಚಿದ ಬತ್ತಳಿಕೆಯಲ್ಲಿರಲಿ.

ನಿನ್ನ ದೂರ ಎಷ್ಟು ಅನ್ನುವುದನ್ನು ನಿನ್ನ ಒಳ್ಳೆಯ ಬಾಣಗಳಿಂದ ಅಳೆಯಬೇಡ. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಹೆಚ್ಚೆಂದರೆ ಎಂಟು ಹತ್ತು ಅಂಗುಲ ಅಗಲ. ಬೆಳಿಗ್ಗೆ ಎದ್ದು ಮೈ ಬಿಸಿಯಾಗುವ ಮುಂಚೆ ಬಿಟ್ಟ ಮೊದಲನೇ ಬಾಣ ಎಷ್ಟು ದೂರದವರೆಗೆ ಪ್ರತಿಸಲ ಅಷ್ಟರೊಳಗೆ ಬೀಳುತ್ತದೋ ಅದೇ ನಿನ್ನ ದೂರ. ಬೇಟೆಯಲ್ಲಿ ಎರಡನೇ ಬಾಣ ಸಿಗುವುದು ಅಪರೂಪ.

ಅಲ್ಲಿಗೂ ಮುಗಿಯುವುದಿಲ್ಲ. ಮೂವತ್ತು ಗಜ ದಾಟಲು ಬಾಣಕ್ಕೆ ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಹೆದೆಯ ಸದ್ದು ಅದಕ್ಕಿಂತ ಸುಮಾರು ಕಾಲು ಸೆಕೆಂಡ್ ಮೊದಲೇ ಜಿಂಕೆಯ ಕಿವಿಗೆ ಬೀಳುತ್ತದೆ. ಓಡಲು ಕಾಲು ಮಡಚಿ ಅದು ಕೆಳಗೆ ಕುಸಿಯುತ್ತದೆ, ಬಾಣ ಬೆನ್ನಿನ ಮೇಲೆ ಹೋಗುತ್ತದೆ ಅಥವಾ ತಾಗಬಾರದ ಕಡೆ ತಾಗುತ್ತದೆ. ಕಿವಿ ನಿಮಿರಿಸಿ ನಿನ್ನ ಕಡೆಯೇ ನೋಡುತ್ತಿರುವ ಜಿಂಕೆಗೆ ಹೊಡೆಯಬೇಡ. ಪೂರ್ತಿ ಪಕ್ಕಕ್ಕೆ ತಿರುಗಿರಬೇಕು, ಇಲ್ಲವೇ ಸ್ವಲ್ಪ ಆಚೆಗೆ ತಿರುಗಿರಬೇಕು. ಎದುರಿಗೆ ನಿಂತಿದ್ದರೆ ಎದೆಮೂಳೆ, ಭುಜದ ಮೂಳೆ ಅಡ್ಡ ಬರುತ್ತವೆ. ಹಿಂಬದಿಯಿಂದ ಬೇಡವೇ ಬೇಡ. ಪೊದೆ ಅಡ್ಡ ಇದ್ದರೂ ಬೇಡ, ಒಂದು ಕಡ್ಡಿ ಸಾಕು ಬಾಣ ತಿರುಗಲು. ಎಳೆದ ಬಿಲ್ಲನ್ನು ಮೆಲ್ಲಗೆ ಇಳಿಸುವುದನ್ನೂ ಅಭ್ಯಾಸ ಮಾಡಿಕೋ. ಬಾಣ ಬಿಟ್ಟದ್ದಕ್ಕಿಂತ ಇಳಿಸಿದ್ದೇ ಜಾಸ್ತಿ ಆಗುತ್ತದೆ, ಅದೇನೂ ಸೋಲಲ್ಲ.

ಗಾಳಿಯ ವಿಷಯ. ನಿನ್ನ ವಾಸನೆ ಜಿಂಕೆಗೆ ಹೋಯಿತೋ, ಆಟ ಮುಗಿಯಿತು. ಯಾವ ಸ್ಪ್ರೇ ಕೂಡ ಅದನ್ನು ಪೂರ್ತಿ ಮುಚ್ಚುವುದಿಲ್ಲ. ಗಾಳಿ ಜಿಂಕೆಯ ಕಡೆಯಿಂದ ನಿನ್ನ ಕಡೆಗೆ ಬೀಸಬೇಕು. ಗುಡ್ಡದಲ್ಲಿ ಬಿಸಿಲೇರಿದ ಮೇಲೆ ಗಾಳಿ ಮೇಲಕ್ಕೆ ಹತ್ತುತ್ತದೆ, ಸಂಜೆ ತಣ್ಣಗಾದಾಗ ಕೆಳಕ್ಕೆ ಇಳಿಯುತ್ತದೆ. ಮೊದಲ ವರ್ಷ ಬಿಲ್ಲು ಮನೆಯಲ್ಲೇ ಬಿಟ್ಟು ಸುಮ್ನೆ ಕೂತು ಬಾ. ದಾರಿ, ಹೆಜ್ಜೆ, ಲದ್ದಿ, ಕೊಂಬು ಉಜ್ಜಿದ ಮರ ಎಲ್ಲ ಕಣ್ಣಿಗೆ ಬೀಳಲು ಶುರುವಾಗುತ್ತವೆ.

ನನಗೆ ನಿಜವಾಗಿ ಭಯ ಇರುವುದು ಮರದ ಮೇಲೆ ಕೂರುವ ಅಟ್ಟಣೆಯದು. ಬೇಟೆಗಾರರು ಮೈ ಮುರಿದುಕೊಳ್ಳುವುದು ಮುಖ್ಯವಾಗಿ ಅಲ್ಲಿಂದ ಬಿದ್ದು. ಪೂರ್ತಿ ಮೈಯ ಹಾರ್ನೆಸ್, ಅಂದರೆ ಬೀಳದಂತೆ ಹಿಡಿಯುವ ಪಟ್ಟಿಗಳು, ಹಾಕಿಕೋ. ಕಾಲು ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವ ತನಕ ಹಗ್ಗಕ್ಕೆ ಸಿಕ್ಕಿಸಿಕೊಂಡೇ ಇರು. ಬಿಲ್ಲು ಹಿಡಿದು ಹತ್ತಬೇಡ, ಆಮೇಲೆ ದಾರ ಕಟ್ಟಿ ಎಳೆದುಕೋ. ಎಲ್ಲಿ ಕೂರುತ್ತೀಯ, ಯಾವಾಗ ಬರುತ್ತೀಯ ಅಂತ ಮನೆಯಲ್ಲಿ ಬರೆದಿಟ್ಟು ಹೋಗು.

ಬಾಣ ತಾಗಿದ ಮೇಲೆ ಓಡಬೇಡ. ಅದು ನಿಂತಿದ್ದ ಜಾಗ, ಕೊನೆಗೆ ಕಂಡ ಜಾಗ ಎರಡನ್ನೂ ಗುರುತು ಹಾಕಿಕೋ. ಬಾಣ ಸಿಕ್ಕರೆ ಅದನ್ನು ನೋಡು. ಗುಲಾಬಿ ಬಣ್ಣದ ನೊರೆರಕ್ತ ಇದ್ದರೆ ಶ್ವಾಸಕೋಶ, ಅರ್ಧ ಗಂಟೆ ಕಾಯಿ. ಕಪ್ಪುಗೆಂಪಾಗಿದ್ದರೆ ಯಕೃತ್ತು, ನಾಲ್ಕರಿಂದ ಆರು ಗಂಟೆ. ಹಸಿರು ಬಣ್ಣ, ಕೆಟ್ಟ ವಾಸನೆ ಇದ್ದರೆ ಹೊಟ್ಟೆ, ಎಂಟು ಗಂಟೆಗೂ ಮೇಲೆ. ಬೇಗ ಹೋಗಿ ಎಬ್ಬಿಸಿದರೆ ಅದು ಮೈಲಿಗಟ್ಟಲೆ ಹೋಗಿ ಎಲ್ಲೋ ಬಿದ್ದು ನರಳುತ್ತದೆ. ರಕ್ತ ನಿಂತುಹೋದರೆ ಕೊನೆಯ ಹನಿಯ ಹತ್ತಿರ ಗುರುತು ಕಟ್ಟಿ, ಅಲ್ಲಿಂದ ಸುತ್ತು ಹಾಕುತ್ತಾ ಹುಡುಕು. ಹುಡುಕಾಟ ಅರ್ಧಕ್ಕೆ ಬಿಡುವವರ ಜೊತೆ ಬೇಟೆಗೆ ಹೋಗಬೇಡ. ಸಿಕ್ಕ ಮೇಲೆ ಕರುಳು ತೆಗೆದು ಮಾಂಸವನ್ನು ಬೇಗ ತಣ್ಣಗಾಗಿಸಬೇಕು. ಅದನ್ನು ಓದಿ ಕಲಿಯಲು ಆಗುವುದಿಲ್ಲ, ಮೊದಲ ಸಲ ಗೊತ್ತಿರುವವರನ್ನು ಜೊತೆಗೆ ಕರೆದುಕೊಂಡು ಹೋಗು.

ತೋಳಿನ ಅಳತೆ, ಯಾವ ಕಣ್ಣು, ಕುರ್ಚಿಯಲ್ಲಿ ಕೂತು ಎಷ್ಟು ಪೌಂಡ್ ಎಳೆದೆ, ಮೂರನ್ನೂ ಬರೆದು ಕಳಿಸು. ಬಿಲ್ಲಿನ ಹೆಸರು ಆಮೇಲೆ ಹೇಳುತ್ತೇನೆ.

ಆಶೀರ್ವಾದಗಳೊಂದಿಗೆ,
ನಿನ್ನ ಚಿಕ್ಕಪ್ಪ