ಪದಕ ವಾಪಸಾದ ಸುದ್ದಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಕ್ರೀಡಾ ಪುಟದಲ್ಲಿ ಈಚೆಗೆ ಬಂದ ಹಳೆಯ ಒಲಿಂಪಿಕ್ ವಿಜೇತರ ಪಟ್ಟಿಯಲ್ಲಿ, 2012ರ ಲಂಡನ್ ಕೂಟದ ಮಹಿಳೆಯರ 53 ಕೆ.ಜಿ. ವೇಟ್‌ಲಿಫ್ಟಿಂಗ್ ಚಿನ್ನ ಕಜಾಕಿಸ್ತಾನದ ಜುಲ್ಫಿಯಾ ಚಿನ್‌ಶಾನ್ಲೊ ಅವರ ಹೆಸರಿನಲ್ಲೇ ಇದೆ. ಆ ಪದಕವನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2016ರ ಅಕ್ಟೋಬರ್‌ನಲ್ಲೇ ಹಿಂದಕ್ಕೆ ಪಡೆದಿದೆ. ಪಟ್ಟಿ ತಯಾರಿಸಿದವರನ್ನು ಹಂಗಿಸಲು ಇದನ್ನು ಬರೆಯುತ್ತಿಲ್ಲ. ಪದಕ ಗೆದ್ದ ದಿನ ದಪ್ಪಕ್ಷರ, ಕಿತ್ತುಕೊಂಡ ದಿನ ಮೂಲೆಯಲ್ಲಿ ಎರಡು ಸಾಲು ಎಂಬುದು ನಮ್ಮ ಪತ್ರಿಕೆಗಳ ಹಳೆಯ ಚಾಳಿ. ನನ್ನ ತಕರಾರು ಅದರ ಬಗ್ಗೆ.

ಜುಲ್ಫಿಯಾ ಸಾಮಾನ್ಯ ಲಿಫ್ಟರ್ ಅಲ್ಲ. 2009ರಲ್ಲಿ ದಕ್ಷಿಣ ಕೊರಿಯಾದ ಗೊಯಾಂಗ್‌ನಲ್ಲಿ ವಿಶ್ವ ಚಾಂಪಿಯನ್ ಆದಾಗ, ಅಧಿಕೃತ ದಾಖಲೆಯ ಪ್ರಕಾರ, ಅವರಿಗೆ ಹದಿನಾರು ವರ್ಷ. 2011ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಅದೇ ಪಟ್ಟ. ಲಂಡನ್‌ನಲ್ಲಿ ವೇದಿಕೆ ಏರಿದಾಗ ಹತ್ತೊಂಬತ್ತು ತುಂಬಿ ನಾಲ್ಕು ದಿನವಾಗಿತ್ತು. ಭಾರವನ್ನು ನೆಲದಿಂದ ಒಂದೇ ಸಲಕ್ಕೆ ತಲೆಯ ಮೇಲಕ್ಕೆ ಒಯ್ಯುವ ಸ್ನ್ಯಾಚ್‌ನಲ್ಲಿ ಎತ್ತಿದ್ದು 95 ಕೆ.ಜಿ.; ತೈವಾನ್‌ನ ಹ್ಸು ಶು-ಚಿಂಗ್ ಅವರಿಗಿಂತ ಒಂದು ಕಿಲೋ ಕಡಿಮೆ. ಆಮೇಲೆ ಕ್ಲೀನ್ ಅಂಡ್ ಜರ್ಕ್‌ನಲ್ಲಿ 131 ಕೆ.ಜಿ. ಎತ್ತಿ ವಿಶ್ವದಾಖಲೆ ಬರೆದರು. ತನ್ನ ತೂಕದ ಸುಮಾರು ಎರಡೂವರೆ ಪಟ್ಟು ಭಾರವನ್ನು ನೆಲದಿಂದ ಭುಜಕ್ಕೆ ತಂದು, ಕುಕ್ಕರುಗಾಲಿನಿಂದ ಎದ್ದು, ಒಂದೇ ತಳ್ಳಿನಲ್ಲಿ ತಲೆಯ ಮೇಲಕ್ಕೆ ಒಯ್ದು, ತೀರ್ಪುಗಾರರ ಸಂಕೇತ ಬರುವವರೆಗೆ ಮೊಣಕೈ ಮಡಿಸದೆ ನಿಲ್ಲಬೇಕು. ಒಟ್ಟು 226 ಕೆ.ಜಿ., ಎರಡನೆಯ ಸ್ಥಾನಕ್ಕಿಂತ ಏಳು ಕಿಲೋ ಹೆಚ್ಚು. ಒಂದು ಕಿಲೋದಲ್ಲಿ ಹಣೆಬರಹ ಬದಲಾಗುವ ಈ ಕ್ರೀಡೆಯಲ್ಲಿ ಏಳು ಕಿಲೋ ಎಂದರೆ ಏಕಪಕ್ಷೀಯ ಗೆಲುವು.

ಗೆದ್ದೊಡನೆ ಅವರು ಯಾರ ಮಗಳು ಎಂಬ ಜಗಳವೂ ಶುರುವಾಯಿತು. ಹುನಾನ್ ಪ್ರಾಂತ್ಯದ ಹುಡುಗಿ, ನಮ್ಮಲ್ಲೇ ತರಬೇತಿ ಪಡೆದವಳು ಎಂದು ಚೀನಾದ ಮಾಧ್ಯಮಗಳು ಬರೆದವು. ಅಲ್ಮಾಟಿಯಲ್ಲಿ ಹುಟ್ಟಿದ ಡುಂಗನ್ ಸಮುದಾಯದವಳು ಎಂದು ಕಜಾಕಿಸ್ತಾನ ಹೇಳಿತು. (ಹತ್ತೊಂಬತ್ತನೆಯ ಶತಮಾನದಲ್ಲಿ ಚೀನಾದಿಂದ ಮಧ್ಯ ಏಷ್ಯಾಕ್ಕೆ ವಲಸೆ ಬಂದ ಮುಸ್ಲಿಮರು ಡುಂಗನ್ನರು.) ಚಿನ್ನ ಕೊರಳಲ್ಲಿದ್ದಾಗ ಎಲ್ಲರಿಗೂ ಬೇಕಾದವಳೇ!

ಲಂಡನ್‌ನಲ್ಲಿ ಸಂಗ್ರಹಿಸಿದ್ದ ಮೂತ್ರದ ಮಾದರಿಗಳನ್ನು ನಾಲ್ಕು ವರ್ಷಗಳ ಬಳಿಕ ಹೊಸ ವಿಧಾನದಲ್ಲಿ ಮತ್ತೆ ಪರೀಕ್ಷಿಸಿದಾಗ ಜುಲ್ಫಿಯಾ ಅವರ ಮಾದರಿಯಲ್ಲಿ ಸ್ಟಾನೊಜೊಲೊಲ್ ಮತ್ತು ಆಕ್ಸಾಂಡ್ರೊಲೋನ್ ಎಂಬ ಉದ್ದೀಪನ ಮದ್ದುಗಳು ಪತ್ತೆಯಾದವು. ಅವರೊಬ್ಬರೇ ಅಲ್ಲ. ಮಾಯಾ ಮನೆಜಾ, ಸ್ವೆತ್ಲಾನಾ ಪೊದೊಬೆದೊವಾ, ಇಲ್ಯಾ ಇಲ್ಯಿನ್ ಅವರ ಚಿನ್ನಗಳೂ ಹೋದವು. ಲಂಡನ್‌ನಲ್ಲಿ ಕಜಾಕಿಸ್ತಾನ ಗೆದ್ದಿದ್ದ ಏಳು ಚಿನ್ನಗಳಲ್ಲಿ ನಾಲ್ಕು ವೇಟ್‌ಲಿಫ್ಟಿಂಗ್‌ನವು. ನಾಲ್ಕಕ್ಕೆ ನಾಲ್ಕೂ ಕೈತಪ್ಪಿದವು.

ಹೀಗೆ ಹೋದ ಪದಕ ಇನ್ನೊಬ್ಬರ ಮನೆ ಸೇರುತ್ತದೆ. ಆ ಇನ್ನೊಬ್ಬರು ನಮ್ಮ ಪುಟಗಳಲ್ಲಿ ಕಾಣುವುದೇ ಇಲ್ಲ. 53 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದಿದ್ದ ಮಾಲ್ಡೋವಾದ ಕ್ರಿಸ್ಟಿನಾ ಯೋವು ಕೂಡ ಅನರ್ಹರಾದರು. ಚಿನ್ನ ಹ್ಸು ಅವರಿಗೆ ಹೋಯಿತು. 206 ಕೆ.ಜಿ. ಎತ್ತಿ ನಾಲ್ಕನೆಯವರಾಗಿ ಬರಿಗೈಯಲ್ಲಿ ಊರಿಗೆ ಮರಳಿದ್ದ ಇಂಡೋನೇಷ್ಯಾದ ಚಿತ್ರಾ ಫೆಬ್ರಿಯಾಂತಿ ಬೆಳ್ಳಿಗೆ ಏರಿದರು. ಕೆನಡಾದ ಕ್ರಿಸ್ಟೀನ್ ಗಿರಾರ್ಡ್ ಅವರದು ಇನ್ನೂ ವಿಚಿತ್ರ. 2008ರ ಬೀಜಿಂಗ್‌ನಲ್ಲಿ 63 ಕೆ.ಜಿ. ವಿಭಾಗದಲ್ಲಿ ನಾಲ್ಕನೆಯವರು, ಲಂಡನ್‌ನಲ್ಲಿ ಮೂರನೆಯವರು. ಬೀಜಿಂಗ್‌ನಲ್ಲಿ ಬೆಳ್ಳಿ ಗೆದ್ದಿದ್ದ ಇರಿನಾ ನೆಕ್ರಾಸೊವಾ ಹಾಗೂ ಲಂಡನ್‌ನಲ್ಲಿ ಚಿನ್ನ ಗೆದ್ದಿದ್ದ ಮನೆಜಾ, ಇಬ್ಬರೂ ಕಜಾಕಿಸ್ತಾನದವರು, ಇಬ್ಬರೂ ಸಿಕ್ಕಿಬಿದ್ದರು. ಲಂಡನ್‌ನ ಬೆಳ್ಳಿ ವಿಜೇತೆ, ರಷ್ಯಾದ ಲಿಫ್ಟರ್ ಕೂಡ ಅನರ್ಹರಾದರು. ಗಿರಾರ್ಡ್ ಅವರಿಗೆ ಬೀಜಿಂಗ್‌ನ ಕಂಚು, ಲಂಡನ್‌ನ ಚಿನ್ನ ಎರಡೂ ಒಟ್ಟಿಗೆ ಒಟ್ಟಾವದಲ್ಲಿ ದಕ್ಕಿದ್ದು 2018ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಆಡುವ ವಯಸ್ಸೂ ಪ್ರಾಯೋಜಕರು ಬರುವ ಕಾಲವೂ ಮುಗಿದಿದ್ದವು.

ಹಾಗೆಂದು ಹತ್ತೊಂಬತ್ತರ ಹುಡುಗಿಯೊಬ್ಬಳನ್ನೇ ಕಟಕಟೆಯಲ್ಲಿ ನಿಲ್ಲಿಸಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಒಂದೇ ದೇಶದ ನಾಲ್ವರು ಚಾಂಪಿಯನ್ನರು ಒಂದೇ ಕೂಟದಲ್ಲಿ ಸಿಕ್ಕಿಬಿದ್ದಿದ್ದಾರೆ ಎಂದರೆ ಅದು ನಾಲ್ವರ ಖಾಸಗಿ ದೌರ್ಬಲ್ಯ ಎಂದು ನಂಬುವುದು ಕಷ್ಟ. ಇನ್ನು ಕಾವಲಿಗಿದ್ದ ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಫೆಡರೇಷನ್ನಿನ ಕಥೆ ಕೇಳಿ. ಇಪ್ಪತ್ತು ವರ್ಷ ಅದರ ಅಧ್ಯಕ್ಷರಾಗಿದ್ದ ಹಂಗೇರಿಯ ತಮಾಶ್ ಅಯಾನ್ 2020ರಲ್ಲಿ ರಾಜೀನಾಮೆ ಕೊಟ್ಟರು. ಅದೇ ವರ್ಷ ಬಂದ, ಸ್ವತಂತ್ರ ತನಿಖೆ ನಡೆಸಿದ ರಿಚರ್ಡ್ ಮೆಕ್‌ಲಾರೆನ್ ಅವರ ವರದಿಯ ಪ್ರಕಾರ 1.04 ಕೋಟಿ ಡಾಲರ್‌ಗೆ ಲೆಕ್ಕವಿರಲಿಲ್ಲ, ಉದ್ದೀಪನ ಮದ್ದಿನ 40 ಪ್ರಕರಣಗಳು ಬಚ್ಚಿಡಲಾಗಿದ್ದವು. 2022ರಲ್ಲಿ ಕ್ರೀಡಾ ನ್ಯಾಯಮಂಡಳಿ ಅಯಾನ್ ಅವರಿಗೆ ಆಜೀವ ನಿಷೇಧ ವಿಧಿಸಿತು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದೇ. ಲಿಫ್ಟರುಗಳ ಹೆಸರು ಬರುವ ಕಡೆಯಲ್ಲೆಲ್ಲ ಈ ಹೆಸರೂ ಬರಬೇಕಿತ್ತು.

ಜುಲ್ಫಿಯಾ ನಿಷೇಧ ಮುಗಿಸಿ ಮರಳಿದರು. ಟೋಕಿಯೊದಲ್ಲಿ ಹಳೆಯ ಪ್ರಕರಣಗಳ ದಂಡವಾಗಿ ಕಜಾಕಿಸ್ತಾನಕ್ಕೆ ಒಬ್ಬ ಪುರುಷ ಮತ್ತು ಒಬ್ಬ ಮಹಿಳಾ ಲಿಫ್ಟರ್‌ಗೆ ಮಾತ್ರ ಅವಕಾಶವಿತ್ತು. 2021ರ ಜುಲೈ 26ರಂದು 55 ಕೆ.ಜಿ. ವಿಭಾಗದಲ್ಲಿ 213 ಕೆ.ಜಿ. ಎತ್ತಿ ಜುಲ್ಫಿಯಾ ಕಂಚು ಗೆದ್ದರು. ಚಿನ್ನ ಗೆದ್ದ ಹಿಡಿಲಿನ್ ಡಿಯಾಜ್ ಫಿಲಿಪ್ಪೀನ್ಸ್‌ಗೆ ಮೊಟ್ಟಮೊದಲ ಒಲಿಂಪಿಕ್ ಚಿನ್ನ ತಂದರು. ಆ ದಿನ ನಮ್ಮ ಮಾಧ್ಯಮಗಳಲ್ಲಿ ಹರಿದಾಡಿದ್ದೇನು? 49 ಕೆ.ಜಿ. ವಿಭಾಗದಲ್ಲಿ ಗೆದ್ದ ಚೀನಾದ ಹೌ ಝಿಹುಯ್ ಅವರಿಗೆ ಮದ್ದಿನ ಮರುಪರೀಕ್ಷೆಯಂತೆ, ಮೀರಾಬಾಯಿ ಚಾನು ಅವರ ಬೆಳ್ಳಿ ಚಿನ್ನವಾಗಲಿದೆಯಂತೆ! ಅಂಥದ್ದೇನೂ ಆಗಲಿಲ್ಲ. ಹೌ ಅವರ ಚಿನ್ನ ಹಾಗೆಯೇ ಉಳಿಯಿತು, 2024ರ ಪ್ಯಾರಿಸ್‌ನಲ್ಲಿ ಅವರು ಮತ್ತೊಮ್ಮೆ ಗೆದ್ದರು. ಅಂತೆಕಂತೆಗೆ ಸಿಗುವ ಜಾಗದ ಕಾಲುಭಾಗವೂ ಸಾಬೀತಾದ ಸಂಗತಿಗೆ ಸಿಗುವುದಿಲ್ಲವೆಂದರೆ ಓದುಗರು ಯಾವುದನ್ನು ನೆನಪಿಟ್ಟುಕೊಳ್ಳಬೇಕು?

ಜುಲ್ಫಿಯಾ ಅವರ ಹೆಸರನ್ನು ಅಳಿಸಿಹಾಕಿ ಎಂದೂ ನಾನು ಕೇಳುತ್ತಿಲ್ಲ. 2014ರಲ್ಲಿ ಅಲ್ಮಾಟಿಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು ಕ್ಲೀನ್ ಅಂಡ್ ಜರ್ಕ್‌ನಲ್ಲಿ ಎತ್ತಿದ 134 ಕೆ.ಜಿ., 53 ಕೆ.ಜಿ. ವಿಭಾಗವೇ 2018ರಲ್ಲಿ ರದ್ದಾಗುವವರೆಗೆ ವಿಶ್ವದಾಖಲೆಯಾಗಿತ್ತು. ಒಂದು ಪದಕ ಹೋಗಿದೆ, ಇನ್ನೊಂದು ಇದೆ, ದಾಖಲೆಯೂ ಇದೆ. ಇವೆಲ್ಲವನ್ನೂ ಸೇರಿಸಿ ಬರೆದರೆ ಓದುಗನಿಗೆ ಅರ್ಥವಾಗದೆ ಇರುವುದಿಲ್ಲ. ಪಟ್ಟಿ ಹಾಕುವಾಗ 'ಪದಕ ಹಿಂಪಡೆಯಲಾಗಿದೆ' ಎಂಬ ಟಿಪ್ಪಣಿಯ ಜೊತೆಗೆ ಅದು ಯಾರಿಗೆ ಸೇರಿತು ಎಂಬುದೂ ಇರಲಿ.

ಟೋಕಿಯೊ ಮಾದರಿಗಳನ್ನು ಹತ್ತು ವರ್ಷದವರೆಗೆ ಮರುಪರೀಕ್ಷೆಗೆ ಒಳಪಡಿಸಲು ಅವಕಾಶವಿದೆ. ಅಂದರೆ 2031ರವರೆಗೆ ಆ ಕೂಟದ ಯಾವ ಫಲಿತಾಂಶವೂ ಪೂರ್ತಿ ಪಕ್ಕಾ ಅಲ್ಲ. ಅಲ್ಲಿಯವರೆಗೆ ಬರುವ ಬದಲಾವಣೆಗಳನ್ನು ಗಮನಿಸಿ ಬರೆಯುವ ಹೊಣೆಯನ್ನು ನಿಮ್ಮ ಕ್ರೀಡಾ ವಿಭಾಗದಲ್ಲಿ ಯಾರಾದರೊಬ್ಬರಿಗೆ ವಹಿಸಿ ಎಂದು ಕೋರುತ್ತೇನೆ.

ಇಂತಿ,
ನಿಮ್ಮ ಓದುಗ,
ಮೈಸೂರು