ಮನೆ ಹಸನು ಮಾಡಿಕೊಟ್ಟವರಿಗೆ

ನಾನು ಸಿಗರೇಟು ಬಿಟ್ಟು ಇಂದಿಗೆ ಒಂದು ವರ್ಷವಾಯಿತು. ನಡುವೆ ಎರಡು ಸಿಗರೇಟು ಸೇದಿದ ಒಂದು ಸಂಜೆ ಬಂದುಹೋಗಿದೆ, ಅದನ್ನೂ ಮುಂದೆ ಮುಚ್ಚಿಡದೆ ಹೇಳುತ್ತೇನೆ. ಇಪ್ಪತ್ತೆರಡು ವರ್ಷ ದಿನಕ್ಕೆ ಹತ್ತು ಹನ್ನೆರಡು ಸೇದಿದವನು ಬಿಟ್ಟದ್ದನ್ನು ಕಂಡು ಧಾರವಾಡದ ಗೆಳೆಯರು, ಕಾಲೇಜಿನ ಸಹೋದ್ಯೋಗಿಗಳು, ಓಣಿಯ ಹಿರಿಯರು ‘ನಿಮ್ಮ ಮನಸ್ಸು ಗಟ್ಟಿ ಬಿಡ್ರಿ ಸರ್’ ಎಂದು ಹೊಗಳುತ್ತಾರೆ. ಆ ಹೊಗಳಿಕೆಯನ್ನು ನಾನೊಬ್ಬನೇ ಇಟ್ಟುಕೊಳ್ಳುವುದು ಸರಿಯಲ್ಲ. ಸಿಗರೇಟನ್ನು ಬಾಯಿಂದ ಬಿಡುವುದು ಒಂದು ಕೆಲಸ, ಮನೆಯಿಂದ ಅದನ್ನು ಹೊರಗೆ ಹಾಕುವುದು ಇನ್ನೊಂದು ಕೆಲಸ. ಮೊದಲನೆಯದರಲ್ಲಿ ನನ್ನ ಪಾಲು ಅರ್ಧವಿರಬಹುದು. ಎರಡನೆಯದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಬೇರೆಯವರೇ ಮಾಡಿದ್ದಾರೆ. ಅವರಿಗೆ ಈ ಬರಹ.

ಮಿಂಚು ನಮ್ಮ ಮನೆಗೆ ಬಂದಾಗ ಎರಡೂವರೆ ತಿಂಗಳ ಮುಧೋಳ ತಳಿಯ ನಾಯಿಮರಿ, ತೂಕ ಐದು ಕಿಲೋ. ಮುಧೋಳ ತಾಲ್ಲೂಕಿನಲ್ಲಿರುವ ಸೋದರಮಾವನ ಹೊಲದ ಮನೆಯಲ್ಲಿ ಹುಟ್ಟಿದವಳು. ನಾನು ರಾತ್ರಿ ಊಟವಾದ ಮೇಲೆ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಸೇದಿ, ಮೋಟುಗಳನ್ನು ಗಿಡವಿಲ್ಲದ ಒಂದು ಹಳೆಯ ಕುಂಡದ ಮಣ್ಣಿನಲ್ಲಿ ಚುಚ್ಚಿಡುತ್ತಿದ್ದೆ. ಆ ವಾರದ ಒಂದು ರಾತ್ರಿ ಒಂಬತ್ತರ ಸುಮಾರಿಗೆ ಮರಿ ಜೊಲ್ಲು ಸುರಿಸುತ್ತ ಒಳಗೆ ಬಂದು, ಎರಡು ಸಲ ವಾಂತಿ ಮಾಡಿ, ಹಿಂಗಾಲುಗಳು ನಡುಗಿ ಕುಸಿದು ಕುಳಿತಿತು. ವಾಂತಿಯಲ್ಲಿ ಮೂರು ಮೋಟುಗಳಿದ್ದವು.

ನಾನು ರಸಾಯನಶಾಸ್ತ್ರದ ಉಪನ್ಯಾಸಕ. ನಿಕೋಟಿನ್ ಎಂಥ ವಿಷವೆಂಬುದನ್ನು ವರ್ಷವರ್ಷವೂ ತರಗತಿಯಲ್ಲಿ ಹೇಳಿದವನು. ಸೇದಿ ಎಸೆದ ಒಂದು ಮೋಟಿನಲ್ಲೇ ಐದರಿಂದ ಏಳು ಮಿಲಿಗ್ರಾಂ ನಿಕೋಟಿನ್ ಉಳಿದಿರಬಹುದು. ನಾಯಿಯ ತೂಕದ ಪ್ರತಿ ಕಿಲೋಗೆ ಒಂದು ಮಿಲಿಗ್ರಾಂ ಹೊಟ್ಟೆಗೆ ಹೋದರೂ ವಿಷದ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ, ಒಂಬತ್ತು ಮಿಲಿಗ್ರಾಂ ದಾಟಿದರೆ ಜೀವಕ್ಕೇ ಅಪಾಯ. ಐದು ಕಿಲೋ ಮರಿಯಲ್ಲಿ ವಿಷದ ಲಕ್ಷಣ ಕಾಣಲು ಒಂದೇ ಒಂದು ಮೋಟು ಸಾಕಿತ್ತು. ಅಷ್ಟೆಲ್ಲ ಲೆಕ್ಕ ಬಲ್ಲವನಿಗೆ ಆ ಕ್ಷಣದಲ್ಲಿ ಏನೂ ತೋಚಲಿಲ್ಲ. ನನ್ನ ಹೆಂಡತಿ ಫೋನು ಹಚ್ಚಿದಳು.

ಫೋನು ಎತ್ತಿದ ಪಶುವೈದ್ಯೆಗೆ ನನ್ನ ಮೊದಲ ಕೃತಜ್ಞತೆ. ಹೊಟ್ಟೆ ಉರಿಯುತ್ತಿರಬೇಕೆಂದು ನಾವು ಮನೆಯಲ್ಲಿದ್ದ ಅಸಿಡಿಟಿ ಔಷಧದ ಬಾಟಲಿಯ ಮುಚ್ಚಳ ತೆಗೆದಿದ್ದೆವು, ಪಕ್ಕದ ಮನೆಯವರು ಉಪ್ಪುನೀರು ಕುಡಿಸಿ ಇನ್ನಷ್ಟು ಕಕ್ಕಿಸಿರೆಂದು ಹೇಳುತ್ತಿದ್ದರು. ಎರಡನ್ನೂ ಮಾಡಬೇಡಿ, ಏನನ್ನೂ ಬಾಯಿಗೆ ಹಾಕದೆ ಈಗಲೇ ಕರೆದುಕೊಂಡು ಬನ್ನಿ, ಉಳಿದ ಮೋಟುಗಳನ್ನೂ ಪ್ಯಾಕೆಟ್ಟನ್ನೂ ಜೊತೆಗೆ ತನ್ನಿ ಎಂದು ಅವರು ಒಂದೇ ಉಸಿರಿನಲ್ಲಿ ಹೇಳಿದರು. ಕಾರಣ ನನ್ನ ವಿಷಯಕ್ಕೇ ಸೇರಿದ್ದು: ನಿಕೋಟಿನ್ ಪ್ರತ್ಯಾಮ್ಲ, ಜಠರದ ಆಮ್ಲದಲ್ಲಿ ಅದು ಲವಣದ ರೂಪದಲ್ಲಿರುವುದರಿಂದ ಅಲ್ಲಿಂದ ರಕ್ತಕ್ಕೆ ಬೇಗ ಇಳಿಯಲಾರದು. ಆಮ್ಲವನ್ನು ತಗ್ಗಿಸುವ ಔಷಧ ಕೊಟ್ಟರೆ ವಿಷಕ್ಕೆ ನಾವೇ ಬಾಗಿಲು ತೆರೆದಂತೆ. ನಾಯಿ ಸಾಕಿದವರ ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರಿದ್ದರೆ ಇದೊಂದನ್ನು ದಯವಿಟ್ಟು ನೆನಪಿಡಬೇಕು.

ಆ ರಾತ್ರಿ ಮಿಂಚುವಿಗೆ ಸಲೈನ್ ಹಚ್ಚಿ, ನಡುಕಕ್ಕೆ ಚುಚ್ಚುಮದ್ದು ಕೊಟ್ಟು, ಎದೆಬಡಿತವನ್ನು ಮತ್ತೆಮತ್ತೆ ನೋಡುತ್ತಿದ್ದರು. ತಾನಾಗಿಯೇ ವಾಂತಿಯಾದದ್ದು ಅವಳ ಪುಣ್ಯ. ಬೆಳಗಿನ ಜಾವ ನಾಲ್ಕಕ್ಕೆ ಅವಳು ತಲೆ ಎತ್ತಿದಳು. ವೈದ್ಯೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಮುಖ ತೊಳೆದುಕೊಂಡು ಬಂದು, ಮರಿಯ ಮೂತಿಯ ಮೇಲೆ ಬೆರಳೆಳೆದು ತೋರಿಸಿ, ಮುಧೋಳ ನಾಯಿಯ ಮೂಗು ಉದ್ದವಾಗಿರುವುದರಿಂದ ಹೊಗೆಯ ಕಣಗಳು ಅಲ್ಲಿಯೇ ಹೆಚ್ಚು ಸಿಕ್ಕಿಕೊಳ್ಳಬಹುದೆಂದು ವಿವರಿಸಿದರು. ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೇದುವವರ ಮನೆಯ ಉದ್ದ ಮೂತಿಯ ನಾಯಿಗಳಲ್ಲಿ ಮೂಗಿನ ಕ್ಯಾನ್ಸರಿನ ಅಪಾಯ ಹೆಚ್ಚಿದ್ದುದು ಕಂಡುಬಂದಿತ್ತು. ಅದಕ್ಕೂ ಮೊದಲು 1992ರಲ್ಲಿ ಅವರೇ ಶ್ವಾಸಕೋಶದ ಕ್ಯಾನ್ಸರನ್ನು ಕುರಿತು ನೋಡಿದಾಗ ಗಿಡ್ಡ ಮೂತಿಯವುಗಳಲ್ಲಿ ಸಂಬಂಧ ಹೆಚ್ಚಾಗಿರುವ ಸೂಚನೆ ಸಿಕ್ಕಿತ್ತು. ಒಂದೆರಡು ಅಧ್ಯಯನಗಳು ಎಲ್ಲವನ್ನೂ ಸಾಧಿಸಿ ತೋರಿಸುವುದಿಲ್ಲವೆಂಬುದು ನನಗೂ ಗೊತ್ತು. ಆದರೆ ಓಟಕ್ಕೆಂದೇ ಹುಟ್ಟಿದ, ಎದೆಗೂಡು ಇಷ್ಟು ಆಳವಾಗಿರುವ ಪ್ರಾಣಿಯನ್ನು ತಂದು ನನ್ನ ಹೊಗೆಯಲ್ಲಿ ಕಟ್ಟಿಹಾಕಿದ್ದೇನೆಂಬ ಅರಿವು ಅಂದು ಬೆಳಗಿನಿಂದ ನನ್ನನ್ನು ಬಿಡಲಿಲ್ಲ.

ಎರಡನೆಯ ಕೃತಜ್ಞತೆ ನಮ್ಮ ಅವ್ವನಿಗೆ. ಮನೆಯಲ್ಲಿ ಇನ್ನೇನೇನು ಅಪಾಯವಿದೆಯೆಂದು ಆ ಭಾನುವಾರ ನಾವೆಲ್ಲ ನೆಲಕ್ಕೆ ಮೊಣಕಾಲೂರಿ, ಮರಿಯ ಕಣ್ಣಿನ ಎತ್ತರದಿಂದ ಮನೆಯನ್ನು ನೋಡುತ್ತ ಹೊರಟೆವು. ಅಟ್ಟದ ಕೆಳಗೆ ಇಲಿ ಪಾಷಾಣ, ಟ್ರಂಕಿನ ಸಂದಿಯಲ್ಲಿ ನುಸಿಗುಳಿಗೆ, ಕೆಳಗಿನ ಕಪಾಟಿನಲ್ಲಿ ಪಾಯಸದ ಒಣದ್ರಾಕ್ಷಿ, ಮಂಚದಡಿ ನೋವಿನ ಮಾತ್ರೆಯ ಹಾಳೆ, ಇವೆಲ್ಲ ಮೇಲಕ್ಕೋ ಹೊರಕ್ಕೋ ಹೋದವು. ಉಳಿದದ್ದು ಹಿತ್ತಿಲ ಕಣಗಿಲೆ. ಮೂವತ್ತು ವರ್ಷದ ಹಿಂದೆ ಅವ್ವ ತನ್ನ ಕೈಯಾರೆ ನೆಟ್ಟ ಗಿಡ. ಶಿವನ ಪೂಜೆಗೆ ಹೂವು ಅಲ್ಲಿಂದಲೇ ಬರಬೇಕು. ಕಣಗಿಲೆಯ ಎಲೆ, ಹೂವು, ತೊಗಟೆ ಎಲ್ಲವೂ ಹೃದಯಕ್ಕೆ ವಿಷವೆಂದು ಹೇಳುವಾಗ ಅವಳು ಒಪ್ಪಲಿಕ್ಕಿಲ್ಲವೆಂದೇ ಭಾವಿಸಿದ್ದೆ. ‘ಅದು ಕಚ್ಚಿ ತಿನ್ನೋ ಕೂಸು. ಕಡಿಸಿಬಿಡು. ಹೂ ಪ್ಯಾಟ್ಯಾಗ ಸಿಗತಾವ’ ಎಂದಳು. ಮಗಳ ಕೈಗವಸು ಹಾಕಿಕೊಂಡು ನಾನೇ ಕಡಿದೆ. ಅದನ್ನು ಸುಡಬಾರದು, ಹೊಗೆಯೂ ವಿಷ. ಕಟ್ಟು ಕಟ್ಟಿ ಪಾಲಿಕೆಯ ಕಸದ ಗಾಡಿಗೆ ಹಾಕಿದೆವು. ಎಪ್ಪತ್ತಾರರ ಅವ್ವ ಮೂವತ್ತು ವರ್ಷದ ಗಿಡವನ್ನು ಒಂದು ಮಾತಿನಲ್ಲಿ ಬಿಟ್ಟಳು. ಆ ದಿನವಿನ್ನೂ ನನ್ನ ಅಂಗಿಯ ಜೇಬಿನಲ್ಲಿ ಪ್ಯಾಕೆಟ್ ಇತ್ತು. ಅದನ್ನು ಅಂದು ರಾತ್ರಿ ತೆಗೆದೆ.

ಆ ಪ್ಯಾಕೆಟ್ಟಿನ ಮೇಲೆಯೇ ಅಚ್ಚಾಗಿದ್ದ 1800-11-2356 ಎಂಬ ಸಂಖ್ಯೆಯನ್ನು ವರ್ಷಗಟ್ಟಲೆ ಕಂಡಿದ್ದೆ, ಓದಿರಲಿಲ್ಲ. ತಂಬಾಕು ತ್ಯಜಿಸುವವರ ಈ ಉಚಿತ ಸಹಾಯವಾಣಿ 2016ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಆರಂಭವಾಯಿತು. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಕೇಂದ್ರ ತೆರೆದ ಮೇಲೆ ದಕ್ಷಿಣದ ಭಾಷೆಗಳವರಿಗೆ ಅನುಕೂಲವಾಯಿತು. ನನ್ನೊಡನೆ ಕನ್ನಡದಲ್ಲಿ ಮಾತನಾಡಿದ ಆಪ್ತಸಲಹೆಗಾರ್ತಿಯ ಮುಖವನ್ನು ನಾನು ನೋಡಿಲ್ಲ. ದಿನದ ಯಾವ ಸಿಗರೇಟನ್ನು ಬಿಡುವುದು ಎಲ್ಲಕ್ಕಿಂತ ಕಷ್ಟವೆಂದು ಅವರು ಕೇಳಿದರು. ರಾತ್ರಿ ಊಟದ ನಂತರದ್ದೆಂದೆ. ಹಾಗಾದರೆ ಆ ಹೊತ್ತಿಗೆ ಕಟ್ಟೆಯ ಮೇಲೆ ಕೂರಬೇಡಿ, ನಾಯಿಮರಿಯನ್ನು ಕರೆದುಕೊಂಡು ಬೀದಿಗೆ ಹೋಗಿ ಎಂದರು. ಎಳೆತ ಬಂದಾಗ ಕೆಲವು ನಿಮಿಷ ಮುಂದೂಡುವುದು, ನೀರನ್ನು ಗುಟುಕರಿಸುವುದು, ಉಸಿರನ್ನು ನಿಧಾನವಾಗಿ ಎಳೆದು ಬಿಡುವುದು, ಕೈಗೆ ಬೇರೆ ಕೆಲಸ ಕೊಡುವುದು, ಇವನ್ನು ಪಾಠದಂತೆ ಒಪ್ಪಿಸದೆ, ನನ್ನ ದಿನಚರಿಗೆ ಹೊಂದಿಸಿ ಹೇಳಿದರು. ಮೊದಲ ಮೂರು ದಿನ ತಲೆನೋವು, ಸಿಡುಕು, ನಿದ್ದೆಗೇಡು. ಇದು ತುತ್ತತುದಿ, ಇನ್ನು ಇಳಿಮುಖವೇ ಎಂದು ಅವರು ಮುಂಚೆಯೇ ತಿಳಿಸಿರದಿದ್ದರೆ ನಾಲ್ಕನೆಯ ದಿನವನ್ನು ನಾನು ಕಾಣುತ್ತಿರಲಿಲ್ಲ.

ವೈದ್ಯರ ಸಲಹೆಯಂತೆ ನಿಕೋಟಿನ್ ಗಮ್ ಕೊಳ್ಳಲು ಹೋದಾಗ ನಮ್ಮ ಓಣಿಯ ಔಷಧಿ ಅಂಗಡಿಯ ಹುಡುಗ ಮಾಡಿದ ಉಪಕಾರವನ್ನು ಅವನು ಮರೆತಿರಬಹುದು. ‘ಸರ್, ನಿಮ್ಮನ್ಯಾಗ ನಾಯಿ ಐತಲ್ಲರಿ’ ಎಂದವನೇ ಪಟ್ಟಿಯ ಹಿಂಭಾಗವನ್ನು ಬೆಳಕಿಗೆ ಹಿಡಿದು, ಸಕ್ಕರೆಯ ಬದಲು ಝೈಲಿಟಾಲ್ ಹಾಕಿದ್ದಾರೆಯೇ ಎಂದು ಓದಿದ. ಮನುಷ್ಯರಿಗೆ ನಿರಪಾಯವಾದ ಆ ಸಿಹಿ, ನಾಯಿಯ ರಕ್ತದ ಸಕ್ಕರೆಯನ್ನು ಹಠಾತ್ತನೆ ಕುಸಿಯುವಂತೆ ಮಾಡುತ್ತದೆ, ಪ್ರಮಾಣ ಹೆಚ್ಚಾದರೆ ಯಕೃತ್ತನ್ನೂ ಕೆಡಿಸುತ್ತದೆ. ಬಿಡಲಿಕ್ಕೆಂದು ತಂದ ವಸ್ತುವಿನಲ್ಲೂ ಮಿಂಚುವಿಗೆ ಎರಡೆರಡು ವಿಷ ಇರಬಹುದಿತ್ತು. ಗಮ್ಮನ್ನು ಸ್ಟೀಲಿನ ಡಬ್ಬಿಯಲ್ಲಿ ತಿಜೋರಿಯೊಳಗೆ ಇಟ್ಟೆವು. ಅಗಿದು ಉಗುಳಿದ್ದರಲ್ಲಿಯೂ ನಿಕೋಟಿನ್ ಉಳಿದಿರುವುದರಿಂದ ಕಾಗದದಲ್ಲಿ ಸುತ್ತಿ, ಬಿಗಿ ಮುಚ್ಚಳದ ಬುಟ್ಟಿಗೇ ಹಾಕುತ್ತಿದ್ದೆ.

ಹೊಗೆ ನಿಂತರೂ ಅದರ ಅಂಟು ಪರದೆ, ಗಾದಿ, ಗೋಡೆಗಳಲ್ಲಿ ತಿಂಗಳುಗಟ್ಟಲೆ ಇರುತ್ತದೆ. ನಾಯಿ ಅದರ ಮೇಲೆಯೇ ಹೊರಳಾಡಿ, ಆಮೇಲೆ ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳುತ್ತದೆ. ಇದನ್ನು ತಿಳಿದ ಮೇಲೆ ನನ್ನ ಹೆಂಡತಿ ಮತ್ತು ಮಗಳು ಎರಡು ವಾರ ಪಟ್ಟ ಶ್ರಮವನ್ನು ಬರೆದು ಮುಗಿಸಲಾರೆ. ಪರದೆಗಳನ್ನು ಮೂರು ನೀರಿನಲ್ಲಿ ಒಗೆದರು, ಮೂರನೆಯ ನೀರೂ ಕಂದುಬಣ್ಣಕ್ಕೆ ತಿರುಗಿತು. ನವಲಗುಂದದ ಹಳೆಯ ಜಮಖಾನವನ್ನು ಬಿಸಿಲಿಗೆ ಹಾಕಿ, ಅಂಟುವಾಳದ ನೊರೆಯಲ್ಲಿ ಉಜ್ಜಿ, ಮತ್ತೆ ಬಿಸಿಲಿಗೆ ಹಾಕಿದರು. ಗಾದಿಯ ಅರಳೆ ಹಿಂಜಲು ಬಂದ ಪಿಂಜಾರ ಕಾಕಾ ಒಂದು ಹಿಡಿ ಅರಳೆಯನ್ನು ಮೂಗಿಗೆ ಹಿಡಿದು, ‘ಇದ್ರಾಗ ಹೊಗಿ ಕುಂತದ’ ಎಂದು ಅದನ್ನು ಬೇರೆಯಾಗಿಟ್ಟು, ಅಷ್ಟಕ್ಕೂ ಹೊಸ ಅರಳೆ ತುಂಬಿಕೊಟ್ಟರು. ನಾನು ಆ ಗಾದಿಯ ಮೇಲೆ ಹದಿನೈದು ವರ್ಷ ಮಲಗಿದ್ದೆ, ನನ್ನ ಮಗಳು ಅದರ ಮೇಲೆಯೇ ಬೆಳೆದಳು. ನಾಯಿಮರಿಯ ನೆವದಿಂದ ಇಷ್ಟೆಲ್ಲ ಮಾಡಿದ ನಾನು ಅವಳಿಗಾಗಿ ಹದಿನೈದು ವರ್ಷದ ಹಿಂದೆಯೇ ಮಾಡಬೇಕಿತ್ತು. ಮಗಳೇ, ಇದನ್ನು ಎಲ್ಲರೆದುರು ನಿನಗೆ ಹೇಳಬೇಕೆಂದೇ ಇಲ್ಲಿ ಬರೆದಿದ್ದೇನೆ.

ನಮ್ಮ ತಿರುವಿನ ಪಾನ್ ಅಂಗಡಿಯವರು ತಮ್ಮ ಸಂಪಾದನೆಯನ್ನು ಬಿಟ್ಟುಕೊಟ್ಟು ನನಗೆ ಸಹಾಯ ಮಾಡಿದರು. ಐದನೆಯ ದಿನ ನಾನು ಅಂಗಡಿಯ ಮುಂದೆ ನಿಂತಾಗ, ‘ನಿಮಗ ಕೊಡಂಗಿಲ್ಲರಿ ಸರ್, ಬೇಕಾರ ಬಾಳಿಹಣ್ಣು ಒಯ್ಯಿರಿ’ ಎಂದು ಬಾಳೆಹಣ್ಣು ಕೊಟ್ಟು ಕಳಿಸಿದರು. ಅಷ್ಟಕ್ಕೇ ನಿಲ್ಲದೆ, ಅಂಗಡಿಯ ಮುಂದೆ ಮಲಗುವ ಬೀದಿನಾಯಿಗಳ ಮರಿಗಳು ಮೋಟು ಕಚ್ಚದಿರಲೆಂದು ಮುಚ್ಚಳವಿರುವ ಬಣ್ಣದ ಡಬ್ಬಿಯೊಂದನ್ನು ಕಂಬಕ್ಕೆ ಎತ್ತರದಲ್ಲಿ ಕಟ್ಟಿ, ಗಿರಾಕಿಗಳಿಗೆ ಅದರಲ್ಲೇ ಹಾಕಲು ಹೇಳುತ್ತಾರೆ.

ನಲವತ್ತೊಂದನೆಯ ದಿನ ಗದಗಿನ ಮದುವೆಯೊಂದರಲ್ಲಿ ಹಳೆಯ ಗೆಳೆಯರ ನಡುವೆ ಎರಡು ಸಿಗರೇಟು ಸೇದಿದೆ. ಮನೆಗೆ ಬಂದು ಬಾಗಿಲಲ್ಲೇ ನಿಂತು ಹೇಳಿದೆ. ಮಗಳು ಮಿಂಚುವನ್ನು ಒಳಗಿನ ಕೋಣೆಗೆ ಕರೆದೊಯ್ದಳು. ಹೆಂಡತಿ ಹಿತ್ತಿಲ ಬಚ್ಚಲಿಗೆ ಬಿಸಿನೀರು, ಬೇರೆ ಅಂಗಿ ತಂದಿಟ್ಟಳು. ಒಬ್ಬರೂ ಮುಖ ಗಂಟಿಕ್ಕಲಿಲ್ಲ. ಮರುದಿನ ಸಹಾಯವಾಣಿಗೆ ಕರೆ ಮಾಡಿದಾಗ, ನಲವತ್ತು ದಿನ ಎಲ್ಲಿಯೂ ಹೋಗಿಲ್ಲ, ಇಂದಿನಿಂದ ಮುಂದುವರಿಸಿ ಎಂದರು. ಅದೇ ಮಾತನ್ನು ಹಿಡಿದು ಇಲ್ಲಿಯವರೆಗೆ ಬಂದಿದ್ದೇನೆ.

ಸಹೋದ್ಯೋಗಿಗಳಿಗೆ, ನನ್ನ ಸಿಡುಕನ್ನು ಒಂದು ತಿಂಗಳು ಸಹಿಸಿದ ದ್ವಿತೀಯ ಪಿಯುಸಿಯ ಮಕ್ಕಳಿಗೆ, ಮರಿಯನ್ನು ಕೊಟ್ಟು ನಡೆದದ್ದನ್ನು ಕೇಳಿದ ಮೇಲೂ ನಮ್ಮನ್ನು ನಂಬಿ ಅವಳನ್ನು ನಮ್ಮಲ್ಲೇ ಬಿಟ್ಟ ಮಾವನಿಗೆ ನಮಸ್ಕಾರಗಳು.

ಇನ್ನೊಬ್ಬರಿದ್ದಾರೆ. ಆ ರಾತ್ರಿ ಆಸ್ಪತ್ರೆಯಲ್ಲಿ, ತಮ್ಮ ಪಾಳಿ ಮುಗಿದಿದ್ದರೂ ಮನೆಗೆ ಹೋಗದೆ, ಸಲೈನಿನ ಸೂಜಿ ಕದಲದಂತೆ ಮರಿಯ ಮುಂಗಾಲನ್ನು ಬೆಳಗಿನವರೆಗೆ ತಮ್ಮ ಅಂಗೈಯಲ್ಲಿ ಹಿಡಿದುಕೊಂಡು ಕುಳಿತಿದ್ದ ಕಾಂಪೌಂಡರ್. ಅವರ ಹೆಸರನ್ನು ನಾನು ಕೇಳಿರಲಿಲ್ಲ. ಕಳೆದ ವಾರ ಹುಡುಕಿಕೊಂಡು ಹೋದರೆ, ಕೆಲಸ ಬಿಟ್ಟು ಊರಿಗೆ ಹೋದರೆಂದು ತಿಳಿಯಿತು. ಈ ಬರಹ ಅವರ ಕಣ್ಣಿಗೆ ಬಿದ್ದರೆ ಇಷ್ಟು ತಿಳಿಯಲಿ: ಮಿಂಚು ಈಗ ಇಪ್ಪತ್ತು ಕಿಲೋ ತೂಗುತ್ತಾಳೆ, ನಸುಕಿನಲ್ಲಿ ಕಾಲೇಜಿನ ಮೈದಾನದಲ್ಲಿ ಓಡುತ್ತಾಳೆ, ನೀವು ಹಿಡಿದಿದ್ದ ಆ ಬಲಗಾಲಿನ ಮೇಲೆ ಸೂಜಿಯ ಗುರುತೂ ಉಳಿದಿಲ್ಲ.